ಫಲಕದಲ್ಲಿ ಅವಳ ಹೆಸರಿರಲಿ

ಮಗಳೇ,

ಮ್ಯೂಸಿಯಂ ಕೆಲಸಕ್ಕೆ ಸೇರಿ ವರ್ಷ ತುಂಬುವ ಮೊದಲೇ ನಿನ್ನ ಹೆಗಲಿಗೆ ದೊಡ್ಡ ಹೊಣೆ ಬಿದ್ದಿದೆ. ಮಲೆನಾಡಿನ ಸಮುದಾಯಗಳ ಕಲೆಯ ಬಗ್ಗೆ ಪ್ರದರ್ಶನವೊಂದನ್ನು ನೀನೇ ರೂಪಿಸಬೇಕಂತೆ. ಏನೇನು ತರಿಸಬೇಕು, ಒಂದು ಪಟ್ಟಿ ಮಾಡಿಕೊಡಿ ದೊಡ್ಡಪ್ಪ ಎಂದು ಕೇಳಿದ್ದೀಯ. ಆ ಪಟ್ಟಿಯನ್ನು ನಾನು ಮಾಡಿಕೊಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ನನ್ನ ಉದ್ಯೋಗದ ಬದುಕೆಲ್ಲ ಗಾಜಿನ ಪೆಟ್ಟಿಗೆಗಳ ನಡುವೆಯೇ ಕಳೆಯಿತು. ಅಲ್ಲಿ ಕಲಿತದ್ದರಲ್ಲಿ ನಿನ್ನ ಕೈಗೆ ಕೊಡಬೇಕಾದ ಮಾತು ಒಂದಿದೆ. ವಸ್ತುಗಳ ಪಟ್ಟಿಗೆ ಮೊದಲು ಜನರ ಪಟ್ಟಿ ಮಾಡು. ಯಾರ ಕೈಕೆಲಸವನ್ನು ನೀನು ಗೋಡೆಗೆ ಹಾಕಲಿದ್ದೀಯೋ ಅವರು, ಏನನ್ನು ತೋರಿಸಬೇಕು, ಏನೆಂದು ಹೇಳಬೇಕು, ಯಾವುದನ್ನು ತೋರಿಸಕೂಡದು ಎಂದು ತೀರ್ಮಾನಿಸುವ ಮೇಜಿನ ಸುತ್ತ ಮೊದಲ ದಿನದಿಂದಲೇ ಕೂತಿರಬೇಕು. ಉದ್ಘಾಟನೆಯ ದಿನ ಬಸ್ಸು ಮಾಡಿ ಕರೆಸಿ, ಶಾಲು ಹೊದಿಸಿ, ಫೋಟೋ ತೆಗೆಸಿ ಕಳಿಸಿಬಿಟ್ಟರೆ ಅದು ಸಮುದಾಯದ ಪ್ರದರ್ಶನ ಆಗುವುದಿಲ್ಲ. ಮದುವೆ ಮನೆಯಲ್ಲಿ ಮನೆಯವರನ್ನೇ ನೆಂಟರ ಸಾಲಿನಲ್ಲಿ ಕೂರಿಸಿ ಎಲೆ ಹಾಕಿದ ಹಾಗೆ ಆಗುತ್ತದೆ.

ಮಾತು ಸುಲಭವಾಗಿದೆ, ಮಾಡುವುದು ಸುಲಭವಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಸಂಗ್ರಹದಲ್ಲಿ ಒಂದು ಭೂಮಣ್ಣಿ ಬುಟ್ಟಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಯಾರಾದರೂ ತಂದುಕೊಡುತ್ತಾರೆ. ಅದನ್ನೊಮ್ಮೆ ಪೆಟ್ಟಿಗೆಯಿಂದ ಹೊರಗೆ ತೆಗೆದು, ಕಿಟಕಿಯ ಬೆಳಕಿನಲ್ಲಿ ಹತ್ತಿರದಿಂದ ನೋಡು. ಬಿದಿರಿನ ಬುಟ್ಟಿ, ಮೈಗೆಲ್ಲ ಕೆಮ್ಮಣ್ಣು ಬಳಿದಿರುತ್ತಾರೆ. ಆ ಕೆಂಪಿನ ಮೇಲೆ ಬಿಳಿ ಎಳೆಗಳು. ಬಿಳಿ ಎಂದರೆ ನೆನೆಹಾಕಿ ರುಬ್ಬಿದ ಅಕ್ಕಿ. ಕಪ್ಪು ಬೇಕಾದರೆ ಅದೇ ಅಕ್ಕಿಯನ್ನು ಕರಕಾಗುವವರೆಗೆ ಹುರಿಯುತ್ತಾರೆ. ಹಳದಿ ಬರುವುದು ಗುರಿಗೆ ಕಾಯಿಯಿಂದ. ಕುಂಚವೂ ಅಂಗಡಿಯದಲ್ಲ, ಪುಂಡಿ ನಾರಿನದು. ಇಷ್ಟು ಸಾಮಗ್ರಿಯಲ್ಲಿ ದೀವರ ಸಮುದಾಯದ ಹೆಂಗಸರು ಒಂದರ ಪಕ್ಕಕ್ಕೆ ಒಂದು ಗೆರೆ ಎಳೆದು ಬುಟ್ಟಿ ತುಂಬುತ್ತಾರೆ. ಗೆರೆ ಎಲ್ಲೂ ದಪ್ಪಗಾಗುವುದಿಲ್ಲ, ಎಲ್ಲೂ ತಡವರಿಸುವುದಿಲ್ಲ. ಸಾಗರ, ಸೊರಬದ ಕಡೆ ಮದುವೆ ಬಂದರೆ ಇದೇ ಕೈ ಹಸೆಗೋಡೆಯ ಮೇಲೆ ಚಿತ್ತಾರ ಬರೆಯುತ್ತದೆ.

ಬುಟ್ಟಿ ಇರುವುದು ಭೂಮಿ ಹುಣ್ಣಿಮೆಗೆ. ಆಶ್ವಯುಜ ಮಾಸದ ಹುಣ್ಣಿಮೆ, ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆ ಊಟ ಬಡಿಸಬೇಕು ಎಂದು ಮನೆಯವರು ರಾತ್ರಿಯೆಲ್ಲ ಎದ್ದಿದ್ದು ಅಡುಗೆ ಮಾಡಿ, ಬೆಳಕು ಹರಿಯುವ ಮುನ್ನ ಬುಟ್ಟಿಯಲ್ಲಿ ತುಂಬಿಕೊಂಡು ಗದ್ದೆಗೆ ಹೋಗುತ್ತಾರೆ. ಗದ್ದೆಯಲ್ಲಿ ಪೂಜೆ ಮಾಡಿ, ಎಡೆ ಇಟ್ಟು, ಬೆಳೆಯ ಮೇಲೆ ಚರಗ ಚೆಲ್ಲಿ, ಅಲ್ಲೇ ಕೂತು ಊಟ ಮಾಡಿ ಬರುತ್ತಾರೆ.

ಈಗ ಮ್ಯೂಸಿಯಂನ ಫಲಕ ಓದು. ‘ಬುಟ್ಟಿ. ಬಿದಿರು. ಶಿವಮೊಗ್ಗ ಜಿಲ್ಲೆ. 20ನೇ ಶತಮಾನ.’ ಇಂಥ ಫಲಕಗಳನ್ನು ನಾನು ಎಷ್ಟು ಕಡೆ ಓದಿದ್ದೇನೋ. ಪಕ್ಕದ ಗ್ಯಾಲರಿಗೆ ಹೋದರೆ ತೈಲವರ್ಣದ ಚಿತ್ರವೊಂದರ ಕೆಳಗೆ ಕಲಾವಿದನ ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ, ಯಾರ ಬಳಿ ಕಲಿತ ಎಂಬುದೆಲ್ಲ ಇರುತ್ತದೆ. ಒಬ್ಬರಿಗೆ ಹೆಸರು ಸಿಕ್ಕಿತು, ಇನ್ನೊಬ್ಬರಿಗೆ ಜಿಲ್ಲೆ ಸಿಕ್ಕಿತು. ಬುಟ್ಟಿ ಬರೆದವಳಿಗೂ ಹೆಸರಿತ್ತು, ತಾಯಿಯಿಂದಲೋ ಅತ್ತೆಯಿಂದಲೋ ಕಲಿತದ್ದಿತ್ತು, ಊರಿನಲ್ಲಿ ಅವಳ ಗೆರೆಗೆ ಮರ್ಯಾದೆ ಇತ್ತು. ಕೇಳುವವರು ಇರಲಿಲ್ಲ ಅಷ್ಟೆ.

ಒಮ್ಮೆ ಪ್ರದರ್ಶನವೊಂದರಲ್ಲಿ ಸಾಗರದ ಕಡೆಯ ವಯಸ್ಸಾದ ಹೆಂಗಸೊಬ್ಬರು ಸಾಲಾಗಿ ಇಟ್ಟಿದ್ದ ಬುಟ್ಟಿಗಳ ಮುಂದೆ ನಿಂತಿದ್ದರು. ನಾನು ಪಕ್ಕದಲ್ಲಿದ್ದೆ. ಒಂದನ್ನು ತೋರಿಸಿ, ‘ಇದು ಗದ್ದೆಗೆ ಹೋಗಿಲ್ಲ, ಮಾರಕ್ಕೆ ಬರ್ದಿದ್ದು’ ಎಂದರು. ಹೇಗೆ ಗೊತ್ತಾಯಿತಮ್ಮ ಎಂದೆ. ಒಳಗೆ ಕೈ ಮಾಡಿ, ಅನ್ನ ತಾಗಿದ ಗುರುತೇ ಇಲ್ಲ, ತಳ ಮಂಜಿನಲ್ಲಿ ನೆನೆದಿಲ್ಲ, ಹೊರಗಡೆ ಮಾತ್ರ ಚೆಂದ ಮಾಡಿದ್ದಾರೆ ಎಂದು ವಿವರಿಸಿದರು. ಇನ್ನೊಂದರ ಬಳಿ ಹೋಗಿ ಗೆರೆಯನ್ನು ನೋಡಿ, ಇದು ನಮ್ಮ ಕಡೆಯದಲ್ಲ, ಸೊರಬದ ಕಡೆಯ ಕೈ ಎಂದರು. ಆ ಬುಟ್ಟಿಗಳ ಬಗ್ಗೆ ಅಲ್ಲಿದ್ದ ಯಾವ ಫಲಕದಲ್ಲೂ, ಯಾವ ಕಡತದಲ್ಲೂ ಇಲ್ಲದ ತಿಳಿವಳಿಕೆ ಅದು. ಆಕೆ ಬಂದಿದ್ದು ಪ್ರೇಕ್ಷಕಿಯಾಗಿ, ಮಗನ ಜೊತೆ ಆಸ್ಪತ್ರೆಗೆ ಬಂದವರು ಹೊತ್ತು ಹೋಗಲಿ ಎಂದು ಒಳಗೆ ಬಂದಿದ್ದರು. ಅಂಥವರು ಪ್ರದರ್ಶನದ ಸಮಿತಿಯಲ್ಲಿರಬೇಕು ಮಗಳೇ. ಅವರು ಓದಿಲ್ಲ, ವರದಿ ಬರೆಯಲಾರರು ಎಂದು ಯಾರಾದರೂ ಹೇಳಿದರೆ, ವರದಿ ಬರೆಯುವುದಕ್ಕೆ ನಾನಿದ್ದೇನೆ ಎಂದು ಹೇಳು.

ಹಿಂದಿನವರನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡ. ಅವರ ಋಣ ನಮ್ಮ ಮೇಲಿದೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಜಾನಪದ ವಸ್ತುಸಂಗ್ರಹಾಲಯ ಶುರುಮಾಡಿದಾಗ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರು ಊರೂರು ಸುತ್ತಿ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ ಬಿದ್ದಿದ್ದನ್ನು ಹುಡುಕಿ ತಂದರು. ರಾಜಕುಮಾರಿಗೆಂದು ಕಟ್ಟಿದ ಜಯಲಕ್ಷ್ಮಿ ವಿಲಾಸದ ಕೋಣೆಗಳಲ್ಲಿ ಒಕ್ಕಲುಮಕ್ಕಳ ಸಾಮಾನು ಬಂದು ಕೂತಿತು. ಆ ಅರಮನೆಗೆ ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕವನ್ನು ನಿಲ್ಲಿಸಿದರು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬಿದ್ದುಹೋಗಲಿದ್ದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿದರು. ಇವರೆಲ್ಲ ತರದೇ ಹೋಗಿದ್ದರೆ ಅರ್ಧಕ್ಕರ್ಧ ಗುಜರಿಗೆ ಹೋಗುತ್ತಿತ್ತು, ಉಳಿದದ್ದು ಒಲೆಗೆ. ಉಳಿಸುವುದು ಆ ತಲೆಮಾರಿನ ಕೆಲಸವಾಗಿತ್ತು, ಅದನ್ನು ಅವರು ಮಾಡಿದರು. ಉಳಿದದ್ದರ ಬಗ್ಗೆ ಮಾತಾಡುವ ಹಕ್ಕು ಯಾರದು ಎಂದು ಕೇಳುವುದು ನಿನ್ನ ತಲೆಮಾರಿನ ಕೆಲಸ.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಕಡೆ ಏನಾಯಿತು ಎಂದು ತಿಳಿದುಕೊಂಡಿರು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. ಬಡವರು, ಕೂಲಿಕಾರರು, ಸಣ್ಣ ವ್ಯಾಪಾರಿಗಳು, ಬೇರೆ ಬೇರೆ ಧರ್ಮದ, ಮೈಬಣ್ಣದ ಜನ ಒಟ್ಟಿಗಿದ್ದ ಜಾಗ. 1966ರಲ್ಲಿ ವರ್ಣಭೇದದ ಸರ್ಕಾರ ಅದನ್ನು ಬಿಳಿಯರ ಪ್ರದೇಶ ಎಂದು ಘೋಷಿಸಿತು. ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಎಬ್ಬಿಸಿ ಊರಾಚೆಯ ಬಯಲಿಗೆ ಸಾಗಿಸಿ, ಮನೆಗಳ ಮೇಲೆ ಬುಲ್ಡೋಜರ್ ಹರಿಸಿದರು. ವರ್ಣಭೇದ ಕೊನೆಗೊಂಡ 1994ರಲ್ಲೇ ಅಲ್ಲಿಯ ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ ಒಂದು ಪ್ರದರ್ಶನ ತೆರೆಯಿತು. ಕೆಲವೇ ವಾರಕ್ಕೆಂದು ಶುರುಮಾಡಿದ್ದು, ಮುಚ್ಚಲಾಗದೆ ಮ್ಯೂಸಿಯಂ ಆಗಿ ನಿಂತುಬಿಟ್ಟಿತು.

ಅಲ್ಲಿ ಏನಿತ್ತು ಗೊತ್ತೇ? ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆ. ಹಿಂದಿನ ನಿವಾಸಿಗಳು ಬಂದು, ಮಂಡಿಯೂರಿ ಕೂತು, ತಮ್ಮ ಮನೆ ಎಲ್ಲಿತ್ತೆಂದು ಹುಡುಕಿ ತಾವೇ ಹೆಸರು ಬರೆದರು. ಮೇಲಿನಿಂದ ಹಳೆಯ ಬೀದಿಗಳ ನಾಮಫಲಕಗಳನ್ನು ಇಳಿಬಿಟ್ಟಿದ್ದರು. ಆ ಫಲಕಗಳು ಬಂದದ್ದು ಮನೆ ಕೆಡವುವ ಕೆಲಸದ ಮೇಲ್ವಿಚಾರಕನೊಬ್ಬನಿಂದ. ಎಸೆಯಬೇಕಿದ್ದವನ್ನು ಆತ ಎಸೆಯದೆ ಅಷ್ಟು ವರ್ಷ ಮನೆಯಲ್ಲಿ ಇಟ್ಟುಕೊಂಡಿದ್ದ. ಇನ್ನೊಂದು ಕಡೆ ಉದ್ದನೆಯ ಬಟ್ಟೆ. ಬಂದವರು ಅದರ ಮೇಲೆ ಹೆಸರು, ವಿಳಾಸ, ನೆನಪು ಬರೆಯುತ್ತಿದ್ದರು, ಆಮೇಲೆ ಆ ಅಕ್ಷರಗಳ ಮೇಲೆ ಕಸೂತಿ ಹಾಕುತ್ತಿದ್ದರು. ನೋಡಲು ಬಂದವರೇ ಪ್ರದರ್ಶನವನ್ನು ಬರೆದರು. ಭೂಮಿ ಮರಳಿ ಬೇಕು ಎಂಬ ಅವರ ಹಕ್ಕೊತ್ತಾಯಕ್ಕೂ ಆ ಮ್ಯೂಸಿಯಂ ಬೆನ್ನಿಗೆ ನಿಂತಿತು.

ಇದನ್ನು ದೂರದ ಕಥೆ ಎಂದು ಹೇಳುತ್ತಿಲ್ಲ. ನೀನಿರುವುದು ಶರಾವತಿಯ ಸೀಮೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಸಾಗರ, ಹೊಸನಗರದ ಊರುಗಳು, ಗದ್ದೆ, ತೋಟ, ಗುಡಿ ಎಲ್ಲ ನೀರಿನಡಿಗೆ ಹೋದವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೆಯೂ ಇದೇ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಗೋಡೆ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ನಾಡಿಗೆಲ್ಲ ವಿದ್ಯುತ್ ಬಂತು. ಮುಳುಗಡೆಯವರು, ದೀವರೂ ಸೇರಿ ಹಲವು ಸಮುದಾಯಗಳವರು, ಲಾರಿಗಳಲ್ಲಿ ಗಂಟುಮೂಟೆ ಹೇರಿಕೊಂಡು ಎಲ್ಲೆಲ್ಲೋ ಹೋಗಿ ಕಾಡಂಚಿನಲ್ಲಿ ನೆಲೆ ಮಾಡಿಕೊಂಡರು. ಅವರಲ್ಲಿ ಎಷ್ಟೋ ಜನರ ಮಕ್ಕಳು, ಮೊಮ್ಮಕ್ಕಳು ಉಳುವ ಭೂಮಿಯ ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ಹಿನ್ನೀರಿನಾಚೆಯ ಜನ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಸಾಗರ ಪೇಟೆಗೆ ಬರಲು ಲಾಂಚ್ ಕಾಯಬೇಕಿತ್ತು. ನಾ. ಡಿಸೋಜ ಅವರು ಈ ನೋವನ್ನು ಕಾದಂಬರಿಗಳಲ್ಲಿ ಬರೆದರು, ಅವರ ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಸಾಹಿತ್ಯ ತನ್ನ ಪಾಲಿನ ಕೆಲಸ ಮಾಡಿದೆ. ಮ್ಯೂಸಿಯಂಗಳು ಮಾಡಿದ್ದೇನು?

ನಿನ್ನ ಭೂಮಣ್ಣಿ ಬುಟ್ಟಿಯ ಪಕ್ಕದಲ್ಲಿ ಈ ಪ್ರಶ್ನೆ ಇರಲಿ. ಬುಟ್ಟಿ ಹೋಗುತ್ತಿದ್ದ ಗದ್ದೆ ಈಗ ಎಲ್ಲಿದೆ? ಮುಳುಗಿದ ಊರಿನಿಂದ ಬಂದ ಮನೆಗಳಲ್ಲಿ ಕೇಳು. ಬರುವಾಗ ಏನು ತಂದಿರಿ, ಏನನ್ನು ಬಿಟ್ಟುಬಂದಿರಿ? ಬಾಗಿಲು ಕಿತ್ತು ತಂದವರಿರುತ್ತಾರೆ, ದೇವರ ಕಲ್ಲು ಹೊತ್ತು ತಂದವರಿರುತ್ತಾರೆ, ಕಂದಾಯದ ರಸೀದಿಯನ್ನು ಡಬ್ಬಿಯಲ್ಲಿ ಕಾದಿಟ್ಟವರಿರುತ್ತಾರೆ. ಆ ರಸೀದಿ ಚಿತ್ತಾರದಷ್ಟೇ ಜೋಪಾನವಾಗಿ ನಿನ್ನ ಗ್ಯಾಲರಿಯಲ್ಲಿ ಕೂರಲಿ. ಹಳೆಯ ಸರ್ವೆ ನಕ್ಷೆ ಸಿಕ್ಕರೆ ದೊಡ್ಡದು ಮಾಡಿಸಿ ನೆಲಕ್ಕೆ ಹಾಸು. ವಯಸ್ಸಾದವರು ಬಂದು ಇಲ್ಲಿ ನಮ್ಮ ಕಣ ಇತ್ತು, ಇಲ್ಲಿ ಹೊಳೆ ದಾಟುತ್ತಿದ್ದೆವು ಎಂದು ತಾವೇ ಬರೆಯಲಿ. ಇದು ಕಲಾ ಮ್ಯೂಸಿಯಂ, ಪುನರ್ವಸತಿ ಕಚೇರಿಯಲ್ಲ ಎಂದು ಯಾರೋ ಹೇಳಿಯೇ ಹೇಳುತ್ತಾರೆ. ಗೆರೆ ಎಳೆದ ಕೈಯ ಬದುಕನ್ನು ಬಿಟ್ಟು ಬರಿಯ ಗೆರೆಯನ್ನು ತೋರಿಸಿದರೆ ಅರ್ಧ ತೋರಿಸಿದಂತೆ ಎಂದು ಸಮಾಧಾನದಿಂದಲೇ ಉತ್ತರ ಕೊಡು.

ಮೇಲಿನವರಿಗೆ ಇಂಥ ಮಾತು ಒಪ್ಪಿಸಲು ನಿನಗೆ ಆಧಾರಗಳು ಬೇಕಾಗುತ್ತವೆ. ಜಗತ್ತಿನ ಮ್ಯೂಸಿಯಂಗಳ ಒಕ್ಕೂಟ 2022ರಲ್ಲಿ ಪ್ರಾಗ್‌ನಲ್ಲಿ ಸೇರಿದಾಗ ಮ್ಯೂಸಿಯಂಗಳು ಸಮುದಾಯಗಳ ಪಾಲ್ಗೊಳ್ಳುವಿಕೆಯಿಂದ ಕೆಲಸ ಮಾಡಬೇಕು ಎಂಬ ಮಾತನ್ನು ತನ್ನ ವ್ಯಾಖ್ಯೆಯಲ್ಲೇ ಸೇರಿಸಿತು. ಅದನ್ನು ಪ್ರಸ್ತಾವದ ಮೊದಲ ಪುಟದಲ್ಲಿ ಹಾಕು. ಭೋಪಾಲದ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಬಯಲಿನಲ್ಲಿ ದೇಶದ ನಾನಾ ಕಡೆಯ ಬುಡಕಟ್ಟುಗಳ ಮನೆಗಳನ್ನು ಆಯಾ ಜನರೇ ಬಂದು ಕಟ್ಟಿದ್ದಾರೆ ಎಂಬುದನ್ನೂ ಬರೆ. ಅದರ ಶಾಖೆ ಮೈಸೂರಿನ ವೆಲ್ಲಿಂಗ್ಟನ್ ಹೌಸ್‌ನಲ್ಲಿಯೇ ಇದೆ, ಹೋಗಿ ಬಾ.

ವಾಷಿಂಗ್ಟನ್‌ನ ಉದಾಹರಣೆಯೊಂದು ನನಗೆ ಬಹಳ ಇಷ್ಟ, ಅದನ್ನು ಹೇಳದೆ ಮುಂದೆ ಹೋಗಲಾರೆ. 1967ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಕಪ್ಪುಜನರು ವಾಸಿಸುವ ಅನಕೋಸ್ಟಿಯಾ ಪ್ರದೇಶದಲ್ಲಿ, ಮುಚ್ಚಿಹೋಗಿದ್ದ ಸಿನಿಮಾ ಮಂದಿರವೊಂದರಲ್ಲಿ ಒಂದು ನೆರೆಹೊರೆಯ ಮ್ಯೂಸಿಯಂ ತೆರೆಯಿತು. ಅದರ ಮೊದಲ ನಿರ್ದೇಶಕ ಜಾನ್ ಕಿನಾರ್ಡ್, ಆ ಕೇರಿಗಳಲ್ಲೇ ಕೆಲಸ ಮಾಡುತ್ತಿದ್ದ ಎಳೆಯ ವಯಸ್ಸಿನ ಪಾದ್ರಿ. ಮ್ಯೂಸಿಯಂ ಶಾಸ್ತ್ರ ಓದಿದವರಲ್ಲ. ಅಲ್ಲಿಯ ಮಕ್ಕಳ ಮಾತು ಕೇಳಿಸಿಕೊಂಡಾಗ ಅವರಿಗೆ ತಿಳಿದದ್ದು, ಆ ಮನೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಕಾಟ ಇಲಿಗಳದು ಎಂದು. 1969ರಲ್ಲಿ ಮ್ಯೂಸಿಯಂ ಇಲಿಗಳ ಬಗ್ಗೆಯೇ ಪ್ರದರ್ಶನ ಮಾಡಿತು, ಜೀವಂತ ಇಲಿಗಳನ್ನೇ ತಂದು ಇಟ್ಟಿತು. ಇಲಿ ಹೇಗೆ ಹೆಚ್ಚುತ್ತದೆ, ಏನು ರೋಗ ತರುತ್ತದೆ, ಹೇಗೆ ತಡೆಯಬೇಕು ಎಂದು ತೋರಿಸಿತು. ಅಮೃತಶಿಲೆಯ ದೊಡ್ಡ ದೊಡ್ಡ ಮ್ಯೂಸಿಯಂಗಳಿದ್ದ ಊರಿನಲ್ಲಿ ಆ ಬಡ ಮ್ಯೂಸಿಯಂ ಮಾಡಿದ ಕೆಲಸವನ್ನು ಇವತ್ತಿಗೂ ಮ್ಯೂಸಿಯಂನವರು ನೆನೆಯುತ್ತಾರೆ. ಇಲಿಯ ಪ್ರದರ್ಶನವನ್ನೇ ನೀನು ಮಾಡು ಎನ್ನುತ್ತಿಲ್ಲ. ನಿನ್ನ ಊರಿನ ಮಕ್ಕಳ ಬಾಯಲ್ಲಿ ಏನು ಬರುತ್ತದೆ ಎಂದು ಕೇಳಿಸಿಕೊಳ್ಳುವ ಕಿವಿ ನಿನಗಿರಲಿ.

ಕೇಳಲು ಹೊರಟಾಗ ಒಂದು ಎಚ್ಚರ ಬೇಕು. ಸಮುದಾಯ ಎಂದರೆ ಒಂದೇ ಬಾಯಿ ಅಲ್ಲ. ಊರಿಗೆ ಹೋದ ಕೂಡಲೇ ನಿನಗೆ ಚಾಪೆ ಹಾಸಿ ಮಾತಾಡುವವರು ಯಜಮಾನರು, ಸಂಘದ ಅಧ್ಯಕ್ಷರು, ಪಂಚಾಯಿತಿ ಸದಸ್ಯರು. ಅವರು ಒಳ್ಳೆಯವರೇ, ಅವರ ಒಪ್ಪಿಗೆ ಇಲ್ಲದೆ ಕೆಲಸ ಆಗದು. ಆದರೆ ಚಿತ್ತಾರ ಬರೆಯುವವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಾಳೆ. ಎರಡನೆಯ ಸಲ ಹೋಗು, ಮೂರನೆಯ ಸಲ ಹೋಗು, ಒಳಗೆ ಹೋಗಿ ಒಲೆಯ ಮುಂದೆ ಕೂತು ಮಾತಾಡು. ನೀನು ಹೆಣ್ಣುಮಗಳು, ನನಗೆ ತೆರೆಯದ ಬಾಗಿಲು ನಿನಗೆ ತೆರೆಯುತ್ತದೆ. ಊರಿನ ಇನ್ನೊಂದು ಕೊನೆಗೂ ಹೋಗು. ಹಬ್ಬಕ್ಕೆ ತಮಟೆ ಬಾರಿಸುವವರ ಕೇರಿಗೆ, ಬುಟ್ಟಿ ಹೆಣೆದುಕೊಡುವವರ ಮನೆಗೆ. ಗೆರೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಿದಿರು ಸೀಳಿದ ಕೈಯನ್ನು ಯಾರೂ ಕೇಳುವುದಿಲ್ಲ. ಹಳ್ಳಿ ಎಂದರೆ ಚೆಂದದ ಚಿತ್ರ ಅಷ್ಟೇ ಎಂಬ ಸುಳ್ಳನ್ನು ನಮ್ಮ ಮ್ಯೂಸಿಯಂಗಳು ಬಹಳ ಕಾಲ ಹೇಳಿವೆ. ನೀನು ಅದನ್ನು ಮುಂದುವರಿಸಬೇಡ.

ಎಳೆಯರು ಬೇರೆಯೇ ಮಾತಾಡುತ್ತಾರೆ. ಪ್ರದರ್ಶನದ ಬಗ್ಗೆ ಕರೆದ ಸಭೆಯೊಂದರಲ್ಲಿ ಹುಡುಗನೊಬ್ಬ ಎದ್ದು ನಿಂತು, ‘ನಮ್ಮನ್ನ ಯಾವಾಗಲೂ ಅಜ್ಜಿ ಕಾಲದವರ ಥರಾನೇ ಯಾಕೆ ತೋರಿಸ್ತೀರಿ ಸಾರ್? ನನ್ನ ತಂಗಿ ನರ್ಸಿಂಗ್ ಓದ್ತಿದ್ದಾಳೆ, ಅವಳ ಫೋಟೋನೂ ಹಾಕ್ತೀರಾ?’ ಎಂದು ಕೇಳಿದ. ಹಿರಿಯರು ಅವನನ್ನು ಸುಮ್ಮನಿರಿಸಲು ನೋಡಿದರು. ಅವನ ಮಾತೇ ಸರಿ ಎಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಒಂದು ಜನಾಂಗವನ್ನು ಅದರ ಹಳೆಯ ಸಾಮಾನಿನೊಳಗೆ ಕೂಡಿಹಾಕುವ ಹಕ್ಕು ಯಾರಿಗೂ ಇಲ್ಲ. ತಂಗಿಯ ಫೋಟೋ ಹಾಕು. ಅವಳು ಚಿತ್ತಾರ ಕಲಿತಿದ್ದಾಳೋ ಇಲ್ಲವೋ, ಬಿಟ್ಟಿದ್ದರೆ ಯಾಕೆ ಬಿಟ್ಟಳು ಎಂದು ಅವಳ ಮಾತಿನಲ್ಲೇ ಬರೆಸು.

ಫಲಕದ ಮಾತು ಅವರದಾಗಿರಬೇಕು ಎಂದೆನಲ್ಲ, ಅದಕ್ಕೊಂದು ನಿದರ್ಶನ ಕೊಡುತ್ತೇನೆ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಂಚಿನ ಒಂದು ಮೂಲೆಯಿಂದ ಹಿಡಿದು ಸುತ್ತ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ಸಣ್ಣ ಹೂವು ಇರುತ್ತದೆ. ಆ ಹೂವಿಲ್ಲದಿದ್ದರೆ ಕೌದಿ ಅವರ ಕಣ್ಣಿಗೆ ಬೆತ್ತಲೆ. ಬಣ್ಣ ಎಷ್ಟೇ ಚೆಂದವಿರಲಿ, ಹೊಲಿಗೆ ಎಷ್ಟೇ ನಯವಿರಲಿ, ಕೆಲಸ ಮುಗಿದಿಲ್ಲ ಎಂದೇ ಅರ್ಥ. ಈ ವಿಷಯ ಅವರನ್ನು ಕೇಳದ ಹೊರತು ನಮಗೆ ಕಾಣುವುದೇ ಇಲ್ಲ. ನಾವು ಸಂಯೋಜನೆ, ವರ್ಣವಿನ್ಯಾಸ ಎಂದು ನಾಲ್ಕು ಸಾಲು ಬರೆದು ಮುಗಿಸಿಬಿಡುತ್ತೇವೆ. ಯಾವುದು ಮುಗಿದಿದೆ, ಯಾವುದು ಕೆಟ್ಟಿದೆ, ಯಾವುದು ಒಳ್ಳೆಯದು ಎಂದು ಹೇಳುವ ಅಧಿಕಾರ ಹೊಲಿದವಳಿಗಿದೆ.

ತೋರಿಸಬಾರದ್ದನ್ನು ತೋರಿಸಬೇಡ ಎನ್ನುವುದೂ ಇದೇ ಅಧಿಕಾರದ ಮಾತು. ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ನಮ್ಮ ಕರಾವಳಿಯ ಮೆಕ್ಕೆಕಟ್ಟಿನ ಭೂತಗಳ ಮರದ ಮೂರ್ತಿಗಳಿವೆ. ಆಳೆತ್ತರದವು, ನೋಡಿದರೆ ಮೈ ಜುಮ್ಮೆನ್ನುತ್ತದೆ. ನನ್ನ ಜೊತೆ ಬಂದಿದ್ದ ಕುಂದಾಪುರದ ಗೆಳೆಯರು ಗ್ಯಾಲರಿಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದು ಒಳಗೆ ಬಂದರು. ಉಳಿದವರು ಮೂರ್ತಿಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬರಿಗೆ ಶಿಲ್ಪ, ಒಬ್ಬರಿಗೆ ದೈವ. ನಿನ್ನ ಗ್ಯಾಲರಿಗೆ ಇಂಥದೇನಾದರೂ ಬರುವುದಿದ್ದರೆ ಮೊದಲು ಆ ದೈವದ ಒಕ್ಕಲನ್ನು ಕೇಳು. ಬೇಡ ಎಂದರೆ ಬೇಡ. ಒಂದು ಪೀಠ ಖಾಲಿ ಬಿಟ್ಟು, ಇಲ್ಲಿರಬೇಕಾದದ್ದನ್ನು ಅದರ ಒಕ್ಕಲಿನವರ ಇಚ್ಛೆಯಂತೆ ತಂದಿಲ್ಲ ಎಂದು ಬರೆದಿಟ್ಟರೂ ನೋಡುವವರು ಅರ್ಥಮಾಡಿಕೊಳ್ಳುತ್ತಾರೆ.

ಇನ್ನು ಮನುಷ್ಯರನ್ನು ಕರೆಸುವ ವಿಚಾರ. ಭೋಪಾಲದಲ್ಲಿ 1982ರಲ್ಲಿ ಭಾರತ ಭವನ ತೆರೆದಾಗ ಚಿತ್ರಕಾರ ಜೆ. ಸ್ವಾಮಿನಾಥನ್ ಅವರು ನಗರದ ಕಲಾವಿದರ ಕೃತಿಗಳನ್ನೂ ಬುಡಕಟ್ಟಿನವರ ಕೃತಿಗಳನ್ನೂ ಒಂದೇ ಸೂರಿನಡಿ ಸಮಸಮವಾಗಿ ಇಟ್ಟರು. ಪಾಟನ್‌ಗಢ ಎಂಬ ಹಳ್ಳಿಯಲ್ಲಿ ಮಣ್ಣಿನ ಗೋಡೆಯ ಮೇಲೆ ಚಿತ್ರ ಬರೆಯುತ್ತಿದ್ದ ಗೊಂಡರ ಪರಧಾನ ಪಂಗಡದ ಹುಡುಗ ಜನಗಢ ಸಿಂಗ್ ಶ್ಯಾಮ್ ಅಲ್ಲಿಂದ ಲೋಕಕ್ಕೆಲ್ಲ ಪರಿಚಯವಾದರು. ಅವರ ಹೆಸರಿನಿಂದಲೇ ಒಂದು ಚಿತ್ರಪರಂಪರೆ ಬೆಳೆಯಿತು. ಆ ಜನಗಢ 2001ರಲ್ಲಿ ಜಪಾನಿನ ಮ್ಯೂಸಿಯಂ ಒಂದರಲ್ಲಿ ಚಿತ್ರ ಬರೆಯಲು ಹೋದವರು ಮನೆಗೆ ಬರಲಿಲ್ಲ, ಅಲ್ಲೇ ಪ್ರಾಣ ಕಳೆದುಕೊಂಡರು. ವಯಸ್ಸು ನಲವತ್ತರ ಆಸುಪಾಸು. ಆ ಸುದ್ದಿ ಕೇಳಿದ ಮೇಲೆ ಕಲಾವಿದರನ್ನು ಊರು ಬಿಡಿಸಿ ಕರೆಸುವ ಪ್ರತಿ ಸಲವೂ ನನಗೆ ಅವರು ನೆನಪಾಗುತ್ತಿದ್ದರು. ನೀನು ಕರೆಸುವವಳು ಎಲ್ಲಿ ಮಲಗುತ್ತಾಳೆ, ಏನು ಉಣ್ಣುತ್ತಾಳೆ, ಜೊತೆಗೆ ಮಗಳೋ ಸೊಸೆಯೋ ಬರಬಹುದೋ, ಬೇಸರವಾದರೆ ನಾಳೆಯೇ ಹೊರಡಬಹುದೋ, ಇದನ್ನೆಲ್ಲ ಮೊದಲೇ ವಿಚಾರಿಸು. ವಾಪಸು ಹೋಗುವ ಟಿಕೆಟ್ಟು ಅವಳ ಕೈಯಲ್ಲೇ ಇರಲಿ.

ದುಡ್ಡಿನ ಮಾತನ್ನು ಸಂಕೋಚಪಟ್ಟು ಮುಂದೂಡಬೇಡ. ಫ್ಲೆಕ್ಸಿಗೆ, ಶಾಮಿಯಾನಕ್ಕೆ, ಹಾರಕ್ಕೆ ಹಣವಿರುತ್ತದೆ, ಬುಟ್ಟಿ ಬರೆದವಳಿಗೆ ಮಾತ್ರ ಪ್ರಮಾಣಪತ್ರ. ಉಪನ್ಯಾಸ ಕೊಡಲು ಬರುವ ಪ್ರಾಧ್ಯಾಪಕರಿಗೆ ಏನು ಗೌರವಧನವೋ ಗೆರೆ ಎಳೆದು ತೋರಿಸುವ ಹೆಂಗಸಿಗೂ ಅದೇ ಇರಬೇಕು ಎಂದು ಬಜೆಟ್ಟಿನಲ್ಲಿ ಮೊದಲೇ ಬರೆದುಬಿಡು. ಅವಳ ಚಿತ್ರವನ್ನು ಕ್ಯಾಲೆಂಡರಿಗೋ ಕೈಚೀಲಕ್ಕೋ ಅಚ್ಚು ಹಾಕಿಸುವುದಾದರೆ ಒಪ್ಪಿಗೆಯ ಕಾಗದ ಕನ್ನಡದಲ್ಲಿರಲಿ, ಅವಳ ಮನೆಯವರ ಎದುರಿಗೆ ಓದಿ ಹೇಳು, ಮಾರಿದ್ದರಲ್ಲಿ ಪಾಲು ಕೊಡು.

ಸಣ್ಣ ಸಂಗತಿಗಳು ಹಲವಿವೆ, ಬೇಗ ಬೇಗ ಹೇಳುತ್ತೇನೆ. ನಾಟಿಯ ಕಾಲದಲ್ಲಿ, ಅಡಿಕೆ ಕೊಯ್ಲಿನ ಕಾಲದಲ್ಲಿ ಪ್ರದರ್ಶನ ಇಡಬೇಡ, ಯಾರೂ ಬರಲಾರರು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ನೋಡಿಕೊಂಡು ಸಮಯ ಗೊತ್ತುಮಾಡು. ಅಕ್ಷರ ದೊಡ್ಡದಿರಲಿ, ಫಲಕ ಕೂತವರ ಕಣ್ಣಿಗೂ ಕಾಣುವ ಎತ್ತರದಲ್ಲಿರಲಿ. ಓದಲು ಬಾರದವರಿಗೆ ಧ್ವನಿಮುದ್ರಣ ಕೇಳಿಸು, ಅವರವರ ಆಡುಮಾತಿನಲ್ಲೇ. ಬೆಂಚು ಹಾಕಿಸು, ಕುಡಿಯುವ ನೀರಿಡು. ಎಲ್ಲಕ್ಕಿಂತ ಮೊದಲು ಬಾಗಿಲ ಕಾವಲಿನವರನ್ನು ಕೂರಿಸಿಕೊಂಡು ಮಾತಾಡು. ಒಂದು ಕಡೆ ತನ್ನದೇ ಚಿತ್ತಾರವಿದ್ದ ಪ್ರದರ್ಶನಕ್ಕೆ ಬಂದ ಹೆಂಗಸನ್ನು, ಆಮಂತ್ರಣ ಪತ್ರ ಎಲ್ಲಿ ಎಂದು ಕೇಳಿ ಹೊರಗೇ ನಿಲ್ಲಿಸಿದ್ದರು. ಒಳಗೆ ಭಾಷಣ ನಡೆಯುತ್ತಿತ್ತು. ಸೆರಗಿನಲ್ಲಿ ಪುಂಡಿ ನಾರಿನ ಕಟ್ಟು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ ಆಕೆಯನ್ನು ನೋಡಿದವರು ಯಾರೂ ಮರೆಯಲಾರರು. ನಿನ್ನ ಕಾವಲಿನವರಿಗೆ ಆ ಊರುಗಳ ಜನರ ಮುಖ, ಹೆಸರು ಗೊತ್ತಿರಬೇಕು. ಸಾಧ್ಯವಾದರೆ ಪ್ರದರ್ಶನದ ದಿನಗಳಲ್ಲಿ ಆ ಊರಿನ ಹುಡುಗ ಹುಡುಗಿಯರನ್ನೇ ಸಂಬಳ ಕೊಟ್ಟು ಗ್ಯಾಲರಿಯಲ್ಲಿ ನಿಲ್ಲಿಸು, ವಿವರಿಸುವವರೂ ಅವರೇ ಆಗಲಿ.

ಪ್ರದರ್ಶನ ಮುಗಿದ ಮರುದಿನ ದಾಖಲಾತಿ ರಿಜಿಸ್ಟರ್ ತೆಗೆದು ಕೂರು. ಹಳೆಯ ನಮೂದುಗಳಲ್ಲಿ ‘ಎಲ್ಲಿಂದ’ ಎಂಬ ಕಲಂ ಇರುತ್ತದೆ, ‘ಯಾರಿಂದ’ ಎಂಬಲ್ಲಿ ಬಹಳ ಕಡೆ ‘ಖರೀದಿ’ ಎಂದಷ್ಟೇ ಇರುತ್ತದೆ. ಬರೆದವರ ಹೆಸರಿಗೆ, ಹೇಳಿದವರ ಹೆಸರಿಗೆ ಬೇರೆ ಕಲಂ ಗೆರೆ ಹಾಕಿಸು. ಈ ಪ್ರದರ್ಶನದಲ್ಲಿ ನಿನಗೆ ಸಿಕ್ಕಿದ ಒಂದೊಂದು ಹೆಸರನ್ನೂ ಹಳೆಯ ನಮೂದಿನ ಎದುರಿಗೆ ಬರೆದು, ತಾರೀಖು ಹಾಕಿ, ಮೇಲಧಿಕಾರಿಯ ಸಹಿ ಮಾಡಿಸು. ನೀನು ವರ್ಗವಾಗಿ ಹೋದ ಮೇಲೂ ಅದು ಅಲ್ಲೇ ಇರುತ್ತದೆ. ಎರವಲು ತಂದದ್ದನ್ನು ನೀನೇ ಹೋಗಿ ವಾಪಸು ಕೊಡು, ಟೆಂಪೋದಲ್ಲಿ ಕಳಿಸಬೇಡ. ಆಗ ಎರಡು ಹೊತ್ತು ಅಲ್ಲೇ ಉಳಿದು, ಪ್ರದರ್ಶನ ಹೇಗಿತ್ತು, ಯಾವುದು ಸರಿ ಅನ್ನಿಸಲಿಲ್ಲ ಎಂದು ಕೇಳಿಕೊಂಡು ಬಾ. ಮುಂದಿನದಕ್ಕೆ ಅವರೇ ವಿಷಯ ಕೊಡುತ್ತಾರೆ.

ನನ್ನ ಬೀರುವಿನಲ್ಲಿ ಮುಳುಗಡೆ ಊರುಗಳಿಂದ ಬಂದ ಜನರ ಫೋಟೋಗಳ ಒಂದು ಕಂತೆ ಇದೆ. ಬೇರೆ ಬೇರೆ ಕಾಲದಲ್ಲಿ ಅವರ ಮನೆಗಳಲ್ಲಿ ತೆಗೆದವು. ಬಹಳಷ್ಟರ ಹಿಂದೆ ಹೆಸರು, ಊರು ಬರೆದಿದ್ದೇನೆ. ಕೆಲವುಗಳ ಶಾಯಿ ಅಳಿಸಿದೆ, ಆದರೆ ಮುಖ ಗುರುತಿಸುವವರು ಇನ್ನೂ ಬದುಕಿದ್ದಾರೆ. ತೆಗೆದುಕೊಂಡು ಹೋಗಿ ಮೊದಲು ಅವರಿಗೆ ತೋರಿಸು. ಸ್ಕ್ಯಾನ್ ಮಾಡಿದ ಪ್ರತಿ ಮ್ಯೂಸಿಯಂಗೆ ಸಾಕು, ಮೂಲ ಚಿತ್ರಗಳನ್ನು ಆಯಾ ಮನೆಯವರಿಗೇ ಕೊಟ್ಟುಬಿಡು. ಮಳೆ ಹಿಡಿಯುವುದರೊಳಗೆ ಒಂದು ಭಾನುವಾರ ಬಾ. ಯಾವ ಊರಿಗೆ ಯಾವ ದಾರಿ, ಯಾರ ಮನೆಗೆ ಮೊದಲು ಹೋಗಬೇಕು ಎಂದು ಕೂತು ಹೇಳುತ್ತೇನೆ.

ನಿನ್ನ,
ದೊಡ್ಡಪ್ಪ